ಸೆರಗು ತಾಗಿದರೂ ಉರಿ

ಆಗಷ್ಟೇ ಮಳೆ ಹಿಡಿದಿತ್ತು. ಬೆಳಗ್ಗೆ ಅತ್ತೆ ಎಡಪಕ್ಕೆ ಒತ್ತಿಕೊಂಡು ಎದ್ದರು. "ವಾಯು ಆಯಿಕ್ಕು" ಅಂದರು. ಜೀರಿಗೆ ಕಷಾಯ ಮಾಡಿ ಕೊಟ್ಟೆ. ರಾತ್ರಿ ನೋವಿನ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿದೆ. ಅವರು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರು. ಅದು ನೆನಪಾದರೆ ಈಗಲೂ ನನ್ನ ಹೊಟ್ಟೆ ಚುರ್ ಅನ್ನುತ್ತದೆ.

ವಯಸ್ಸು 71, ನೋವು ಎಡಗಡೆ. ಹೃದಯದ್ದೇನೋ ಅಂತ ಮರುದಿನ ಇಸಿಜಿ ಮಾಡಿಸಿದೆವು. ಸರಿಯಾಗಿತ್ತು. ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. ಚರ್ಮದ ಮೇಲೆ ಆಗ ಏನೂ ಇರಲಿಲ್ಲ. ಈ ಕಾಯಿಲೆಯಲ್ಲಿ, ಅಂದರೆ ಸರ್ಪಸುತ್ತಿನಲ್ಲಿ, ಸಾಮಾನ್ಯವಾಗಿ ಮೊದಲು ಬರುವುದು ನೋವು, ಗುಳ್ಳೆ ಏಳುವುದು ಆಮೇಲೆ.

ಮೂರನೇ ದಿನ ಬೆಳಗ್ಗೆ ರವಿಕೆ ಹಾಕಿಕೊಳ್ಳಲಿಕ್ಕೆ ಆಗದೆ ನನ್ನನ್ನು ಕರೆದರು. ಬೆನ್ನುಮೂಳೆಯ ಪಕ್ಕದಿಂದ ಎದೆಯ ಕೆಳಗಿನವರೆಗೆ ನಾಲ್ಕು ಬೆರಳಗಲದ ಕೆಂಪು ಪಟ್ಟಿ. ಅದರ ಮೇಲೆ ಬೆಂದ ಸಾಬಕ್ಕಿಯ ಹಾಗೆ ನೀರುಗುಳ್ಳೆಗಳು, ಗೊಂಚಲು ಗೊಂಚಲಾಗಿ.

ಪಕ್ಕದ ಮನೆಯ ದೊಡ್ಡಮ್ಮ ನೋಡಿದವರೇ "ಸರ್ಪಸುತ್ತು" ಅಂದರು. ಪಟ್ಟಿ ಮೈ ಸುತ್ತಿ ತಲೆ ಬಾಲ ಕೂಡಿದರೆ ಜೀವ ಉಳಿಯುವುದಿಲ್ಲ, ಬೇಗ ಕೆಮ್ಮಣ್ಣು ಕಲಸಿ ಹಚ್ಚಿ ಅಂದರು. ಅತ್ತೆಯ ಮುಖ ಬಿಳಿಚಿಕೊಂಡಿತು. ಕಾಸರಗೋಡಿನ ನಮ್ಮ ಕಡೆ ಸರ್ಪ ಅಂದರೆ ಬರೀ ಹಾವಲ್ಲ, ದೇವರು. ತೋಟದ ಮೂಲೆಯಲ್ಲಿ ನಾಗಬನ ಇದೆ. ಅಡಿಕೆಗೆ ಬಿಸಿಲು ಬೀಳುವುದಿಲ್ಲ ಅಂತ ಹೋದ ವರ್ಷ ಬನದ ಅಂಚಿನ ಒಂದು ಕೊಂಬೆ ಕಡಿಸಿದ್ದೆವು. ಅತ್ತೆಗೆ ಅದೇ ನೆನಪಾಯಿತು. ನೋವಿಗಿಂತ ಜಾಸ್ತಿ ಅವರನ್ನು ತಿಂದದ್ದು ಆ ಕೊಂಬೆ.

"ನಾಗನಿಗೆ ತಂಬಿಲದ ಪೂಜೆ ಮಾಡಿಸುವ ಅತ್ತೆ, ಖಂಡಿತ. ಮೊದಲು ಡಾಕ್ಟರ ಹತ್ತಿರ ಹೋಗುವ" ಅಂದೆ. ಅವರ ನಂಬಿಕೆಯ ಜೊತೆ ವಾದ ಮಾಡುವ ಹೊತ್ತಲ್ಲ ಅದು. ಕೆಮ್ಮಣ್ಣು ಮಾತ್ರ ಹಚ್ಚಲು ಬಿಡಲಿಲ್ಲ.

ಬದಿಯಡ್ಕದ ಕ್ಲಿನಿಕ್ಕಿನ ಡಾಕ್ಟರು ಮಲಯಾಳದಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. "ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಬಂದಿತ್ತಾ?" ಬಂದಿತ್ತು. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರಂತೆ. ಆಗಿನ ವೈರಸ್ ಸಾಯದೆ ಬೆನ್ನುಹುರಿಯ ಪಕ್ಕದ ನರದ ಗಂಟಿನಲ್ಲಿ ಮಲಗಿರುತ್ತದೆ. ವಯಸ್ಸಾಗಿ ರೋಗ ತಡೆಯುವ ಶಕ್ತಿ ಕುಂದಿದಾಗ ಏಳುತ್ತದೆ. ಡಾಕ್ಟರು ಚೀಟಿಯ ಹಿಂದೆ ಬೆನ್ನುಮೂಳೆ ಬರೆದು ಎಡಕ್ಕೊಂದು, ಬಲಕ್ಕೊಂದು ಗೆರೆ ಎಳೆದರು. ಎಡದ ನರ ಎಡದ ಚರ್ಮಕ್ಕೆ ಮಾತ್ರ. ಹಾಗಾಗಿ ಗುಳ್ಳೆ ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ. ಅತ್ತೆ ಆ ಚೀಟಿಯನ್ನು ತುಂಬ ಹೊತ್ತು ನೋಡಿದರು. "ಹಾಂಗಾರೆ ಸುತ್ತು ಬತ್ತಿಲ್ಲೆ" ಅಂದರು. ಮೂರು ದಿನದಲ್ಲಿ ಮೊದಲ ಸಲ ಅವರ ಭುಜ ಸಡಿಲವಾದದ್ದು ಆಗ.

ಗುಳ್ಳೆ ಕಂಡ 72 ಗಂಟೆಯೊಳಗೆ ಮದ್ದು ಶುರುವಾದರೆ ಒಳ್ಳೆಯದಂತೆ. ನಾವು ಅದೇ ದಿನ ಹೋದದ್ದು ಪುಣ್ಯ. ಅಸೈಕ್ಲೋವಿರ್ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, 7 ದಿನ. ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಮೊಬೈಲಿನಲ್ಲಿ ಅಲಾರಂ ಇಟ್ಟೆ. ಪ್ರತಿ ಸಲವೂ ದೊಡ್ಡ ಲೋಟ ನೀರು, ಮೂತ್ರಪಿಂಡಕ್ಕೆ ತೊಂದರೆ ಆಗಬಾರದಲ್ವಾ.

ಅತ್ತೆ ತಾವಾಗಿಯೇ ತಟ್ಟೆ, ಲೋಟ ಬೇರೆ ಇಟ್ಟುಕೊಂಡರು. ಅದು ಬೇಕಿರಲಿಲ್ಲ. ಗುಳ್ಳೆಯ ನೀರು ತಾಗಿದರೆ, ಅದೂ ಮೊದಲು ಚಿಕನ್ ಪಾಕ್ಸ್ ಬಾರದವರಿಗೆ, ಚಿಕನ್ ಪಾಕ್ಸ್ ಬರಬಹುದು. ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಮುಚ್ಚಿಟ್ಟುಕೊಂಡರಾಯಿತು. ಆದರೆ ನನ್ನ ನಾದಿನಿ ಐದು ತಿಂಗಳ ಬಸುರಿ, ಅವಳಿಗೆ ಚಿಕನ್ ಪಾಕ್ಸ್ ಬಂದೇ ಇಲ್ಲ. ಈಗ ಬರಬೇಡ ಅಂತ ನಾನೇ ಫೋನು ಮಾಡಿದೆ. ಆ ಸಂಜೆ ಅತ್ತೆ ಅತ್ತರು.

ಬಟ್ಟೆಯದ್ದೇ ದೊಡ್ಡ ಕಷ್ಟ. ರವಿಕೆ ಆಗದು, ಸೆರಗು ತಾಗಿದರೂ ಉರಿ, ಫ್ಯಾನಿನ ಗಾಳಿಯೂ ಬೇಡ. ಮಾವನ ಹಳೇ ಪಂಚೆ, ಒಗೆದು ಒಗೆದು ಬೆಣ್ಣೆಯಂತಾದದ್ದು, ಸಿಕ್ಕಿತು. ಅದನ್ನು ಹರಿದು ತಣ್ಣೀರಲ್ಲಿ ಅದ್ದಿ ಹಿಂಡಿ ಮೆಲ್ಲ ಇಡುತ್ತಿದ್ದೆ. ಎಷ್ಟೋ ಸಲ ಕೈ ತಾಗದಂತೆ ನಾಲ್ಕು ಮೂಲೆ ಹಿಡಿದು ಇಳಿಸಬೇಕಾಯಿತು.

ಮೂರು ವಾರಕ್ಕೆ ಹಕ್ಕಳೆ ಉದುರಿತು. ನೋಡಲು ಬಂದವರೆಲ್ಲ "ಗುಣ ಆಯ್ತಲ್ಲ" ಅಂದರು. ಆಗಿರಲಿಲ್ಲ. ಚರ್ಮ ಮಾಗಿದರೂ ಪೆಟ್ಟಾದ ನರ ಸುಮ್ಮನಾಗಿರಲಿಲ್ಲ. ಈ ನೋವು ತಿಂಗಳುಗಟ್ಟಲೆ ಇರಬಹುದು, ವಯಸ್ಸಾದವರಲ್ಲಿ ಜಾಸ್ತಿ. ನರದ ನೋವಿಗೆ ಕೊಟ್ಟ ಮಾತ್ರೆಯಿಂದ ತಲೆ ತಿರುಗುತ್ತದೆ. ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳಬಾರದು ಅಂತ ಅವರ ಕೋಣೆಯಲ್ಲೇ ಮಲಗುತ್ತೇನೆ. ಕಾಣುವ ಗಾಯ ಇಲ್ಲದ ನೋವನ್ನು ಮನೆಯವರು ಕೂಡ ಬೇಗ ಮರೆಯುತ್ತಾರೆ. ಅದು ನನಗೆ ತುಂಬ ಬೇಸರ ತಂದ ವಿಷಯ.

ಇದಕ್ಕೆ ಲಸಿಕೆ ಇದೆ, 50 ದಾಟಿದವರಿಗೆ ಎರಡು ಡೋಸ್. ದುಬಾರಿ. ಆದರೂ ತವರಿಗೆ ಫೋನು ಮಾಡಿ ಅಮ್ಮನಿಗೆ ಹಾಕಿಸಲು ಅಣ್ಣನಿಗೆ ಹೇಳಿದೆ.

ತಂಬಿಲವೂ ಆಯಿತು. ಅತ್ತೆ ಬನದ ಮುಂದೆ ಆ ಪಂಚೆಯನ್ನೇ ಹೊದ್ದು ನಿಂತಿದ್ದರು. "ನೋವು ಹೇಗಿದೆ" ಅಂತ ಈಗ ನಾನು ಕೇಳುವುದಿಲ್ಲ, ಕೇಳಿದರೆ "ಅಡ್ಡಿಲ್ಲೆ" ಅನ್ನುತ್ತಾರೆ. "ಇವತ್ತು ಸೆರಗು ಹಾಕಿಕೊಳ್ಳಲಿಕ್ಕೆ ಆಯ್ತಾ?" ಅಂತ ಕೇಳುತ್ತೇನೆ. ನಿನ್ನೆ ಸ್ವಲ್ಪ ಯೋಚಿಸಿ ಹೇಳಿದರು: "ಮಧ್ಯಾಹ್ನದವರೆಗೆ ಆತು."