ಮಳೆಗಾಲದ ಪೂಜೆಗೆ ಮೊದಲು ಕಿಟಕಿ ತೆರೆಯಿರಿ

ಊರಲ್ಲಿ ಫ್ಲೂ ಎದ್ದಿತೆಂದರೆ ಚರ್ಚಿನ ಬಾಗಿಲಿಗೆ ಮೊದಲು ಬರುವುದು ಸ್ಯಾನಿಟೈಸರ್ ಬಾಟಲಿ. ಬರಲಿ. ಆದರೆ ಅದೇ ಹೊತ್ತಿನಲ್ಲಿ ಎರಚಲು ಹೊಡೆಯುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿರುತ್ತಾರೆ. ಫ್ಲೂ, ಕೊರೊನಾ, ದಡಾರಗಳು ಉಸಿರಿನಿಂದ ಹರಡುವ ಕಾಯಿಲೆಗಳು. ಕೈ ಎಷ್ಟು ತೊಳೆದರೂ ಗಾಳಿ ಕೆಟ್ಟಿದ್ದರೆ ಪ್ರಯೋಜನ ಅರ್ಧ ಮಾತ್ರ.

ಎದುರುಬದುರಿನ ಕಿಟಕಿಗಳನ್ನು ಪೂಜೆಗೆ ಅರ್ಧ ಗಂಟೆ ಮೊದಲೇ ತೆರೆಯಿರಿ. ಮಳೆ ಒಂದು ಕಡೆಯಿಂದ ಹೊಡೆಯುತ್ತಿದ್ದರೆ ಆ ಕಡೆಯದನ್ನು ಮಾತ್ರ ಓರೆ ಮಾಡಿ. ಗಾಳಿ ಆಡುತ್ತಿದೆಯೇ ಎಂದು ನೋಡಲು ಕಿಟಕಿಯ ಬಳಿ ಊದುಬತ್ತಿ ಹಿಡಿದರೆ ಸಾಕು. ಹೊಗೆ ನಿಂತಲ್ಲೇ ಸುತ್ತಿದರೆ ಒಂದು ಪೆಡೆಸ್ಟಲ್ ಫ್ಯಾನನ್ನು ಹೊರಮುಖವಾಗಿ ಇಡಿ. ಬಾಗಿಲು ಹಾಕಿದ ಮೇಲೆ ಸೀಲಿಂಗ್ ಫ್ಯಾನ್ ಇದ್ದ ಗಾಳಿಯನ್ನೇ ಕಲಕುತ್ತದೆ. ಚಿಕ್ಕ ಪ್ರಾರ್ಥನಾಲಯಗಳಲ್ಲಿ ಹಾಕಿಸುವ ಸ್ಪ್ಲಿಟ್ ಎಸಿಯೂ ಹಾಗೆಯೇ: ತಂಪು ಮಾಡುತ್ತದೆ, ಹೊರಗಿನ ಗಾಳಿ ತರುವುದಿಲ್ಲ. ಎರಡು ಪೂಜೆಗಳ ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವಿರಲಿ.

ಗಾಯನ ವೃಂದದವರಿಗೆ ಬೇಸರವಾಗುವ ಮಾತು, ಆದರೂ ಹೇಳಲೇಬೇಕು. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 61 ಜನ ಸೇರಿ ಎರಡೂವರೆ ಗಂಟೆ ಹಾಡಿನ ಅಭ್ಯಾಸ ಮಾಡಿದರು. ಅವರಲ್ಲಿ ಒಬ್ಬರಿಗೆ ಶೀತದ ಲಕ್ಷಣವಿತ್ತು. ಖಚಿತಪಟ್ಟವೂ ಸಂಭವನೀಯವೂ ಸೇರಿ ಒಟ್ಟು 53 ಜನರಿಗೆ ಕೊರೊನಾ ತಗುಲಿತು, ಇಬ್ಬರು ತೀರಿಕೊಂಡರು. ಹಾಡುವಾಗ ಹೊರಬೀಳುವ ಸಣ್ಣ ಕಣಗಳು ಮಾತಿಗಿಂತ ಬಹಳ ಹೆಚ್ಚು. ಕಾಯಿಲೆ ಜೋರಾಗಿರುವ ವಾರಗಳಲ್ಲಿ ಅಭ್ಯಾಸವನ್ನು ವರಾಂಡಕ್ಕೆ ತನ್ನಿ, ಪೂಜೆಯಲ್ಲಿ ಮೂರು ನಾಲ್ಕು ಜನ ಹಾಡಲಿ, ಮೈಕು ಒಬ್ಬರಿಗೊಂದಿರಲಿ.

ಶಾಂತಿ ಕೋರಲು ಕೈ ಕುಲುಕಬೇಕಿಲ್ಲ. ಭಾರತದ ಕಥೋಲಿಕ ಆರಾಧನೆಗೆ ಅಂಜಲಿ ಮುದ್ರೆಯ ಒಪ್ಪಿಗೆ 1969ರಲ್ಲೇ ಸಿಕ್ಕಿದೆ. ಕೈ ಮುಗಿದರೆ ಸಾಕು. ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಹಂಚುವ ರೊಟ್ಟಿಯನ್ನು, ನಾಲಿಗೆಯ ಮೇಲಿಡದೆ ಕೈಗೆ ಕೊಡುವುದು ಒಳ್ಳೆಯದು. ಒಂದೇ ಪಾತ್ರೆಯಿಂದ ಎಲ್ಲರೂ ದ್ರಾಕ್ಷಾರಸ ಕುಡಿಯುವ ಸಭೆಗಳು ಚಿಕ್ಕ ಲೋಟಗಳಿಗೆ ಬದಲಾಗಲಿ. ಅಂಚನ್ನು ಬಟ್ಟೆಯಿಂದ ಒರೆಸಿದರೆ ಎಂಜಲು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ತಿನ್ನುವುದು ಇನ್ನಷ್ಟು ಸುರಕ್ಷಿತ ಎಂದುಕೊಳ್ಳುವವರಿದ್ದಾರೆ. ಹತ್ತಾರು ಬೆರಳು ರಸಕ್ಕೆ ತಾಗುವುದೇ ಅಲ್ಲಿ. ಬಾಗಿಲ ಬಳಿಯ ತೀರ್ಥದ ಬಟ್ಟಲನ್ನು ಅಷ್ಟು ದಿನ ಖಾಲಿ ಇಡಿ.

ಸ್ಯಾನಿಟೈಸರ್‌ನಲ್ಲಿ ಕನಿಷ್ಠ 60 ಶೇಕಡ ಆಲ್ಕೋಹಾಲ್ ಇರಬೇಕು. ಕೈ ಒಣಗುವ ಮೊದಲು ಮೇಣದಬತ್ತಿ ಹಚ್ಚಲು ಹೋಗಬಾರದು, ಬೆಂಕಿ ಹತ್ತುತ್ತದೆ. ಪೂಜಾ ಸಹಾಯಕ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ. ಕೆಂಗಣ್ಣು, ವಾಂತಿಭೇದಿ ತರುವ ಕೆಲವು ವೈರಸ್‌ಗಳಿಗೆ ಆಲ್ಕೋಹಾಲ್ ಅಷ್ಟಾಗಿ ನಾಟುವುದಿಲ್ಲ, ಸೋಪು ನೀರಿನಲ್ಲಿ 20 ಸೆಕೆಂಡು ಉಜ್ಜಬೇಕು. ಬೆಂಚಿನ ಹಿಡಿ, ಬಾಗಿಲ ಚಿಲಕ ಒರೆಸಲು ಒಂದು ಲೀಟರ್ ದ್ರಾವಣದಲ್ಲಿ 5 ಶೇಕಡದ ಬ್ಲೀಚ್ 20 ಮಿಲಿ, ಮಿಕ್ಕಿದ್ದು ನೀರು. ಯಾರಾದರೂ ವಾಂತಿ ಮಾಡಿಕೊಂಡ ಜಾಗಕ್ಕಾದರೆ ಅದೇ ಒಂದು ಲೀಟರಿನಲ್ಲಿ ಬ್ಲೀಚ್ 100 ಮಿಲಿ. ಮೊದಲು ಕಾಗದದಿಂದ ಎತ್ತಿ, ಆಮೇಲೆ ದ್ರಾವಣ ಹಾಕಿ ಹತ್ತು ನಿಮಿಷ ಬಿಡಿ. ಬ್ಲೀಚ್‌ಗೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿದರೆ ವಿಷಗಾಳಿ ಏಳುತ್ತದೆ. ಹಿತ್ತಾಳೆ, ಬೆಳ್ಳಿಯ ಪಾತ್ರೆಗಳಿಗೆ ಬ್ಲೀಚ್ ಬೇಡವೇ ಬೇಡ, ಕಪ್ಪಾಗುತ್ತವೆ. ಬಿಸಿನೀರು, ಸೋಪು ಸಾಕು.

ಇಷ್ಟೆಲ್ಲ ಮಾಡಿಯೂ ಜ್ವರ ಬಂದವರು ಮುಂದಿನ ಬೆಂಚಿನಲ್ಲಿ ಕೂತರೆ ಕೆಲಸ ಕೆಟ್ಟಿತು. ಭಾನುವಾರ ತಪ್ಪಿಸಿದರೆ ಪಾಪ ಎಂಬ ಅಂಜಿಕೆ ಹಿರಿಯರಲ್ಲಿ ಆಳವಾಗಿದೆ. ಕಾಯಿಲೆಯವರಿಗೆ ಆ ಕಡ್ಡಾಯವಿಲ್ಲ ಎಂಬುದನ್ನು ಗುರುಗಳೇ ಪ್ರಕಟಣೆಯಲ್ಲಿ ಸ್ಪಷ್ಟವಾಗಿ ಹೇಳಬೇಕು. ಪ್ಯಾರಾಸಿಟಮಾಲ್ ಇಲ್ಲದೆ 24 ಗಂಟೆ ಜ್ವರ ಬಿಟ್ಟಿರಬೇಕು, ಕೆಮ್ಮು ಉಳಿದಿದ್ದರೆ ಇನ್ನೂ ಕೆಲವು ದಿನ ಮಾಸ್ಕ್. ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಬಂದ ಮಗು ಗುಳ್ಳೆಗಳೆಲ್ಲ ಒಣಗಿ ಹಕ್ಕಳೆಯಾಗುವವರೆಗೆ ಧರ್ಮೋಪದೇಶದ ತರಗತಿಗೆ ಬರಬಾರದು.

ಮನೆಮನೆಗೆ ಪರಮಪ್ರಸಾದ ಒಯ್ಯುವವರು ಹಾಸಿಗೆ ಹಿಡಿದ ವೃದ್ಧರ ಮನೆಗಳನ್ನು ಮೊದಲು ಮುಗಿಸಿ, ಜ್ವರವಿರುವ ಮನೆಗೆ ಕೊನೆಯಲ್ಲಿ ಹೋಗಲಿ. ಪ್ರತಿ ಮನೆಯಲ್ಲೂ ಒಳಹೋಗುವಾಗ, ಹೊರಬರುವಾಗ ಕೈ ತೊಳೆಯಲಿ.