ಕ್ಯಾಮೆರಾ ಕಂಡಾಗ ಮಾತ್ರ ನಿಧಾನವಾ? ಮೈಸೂರು ರಸ್ತೆಯ ಜಿಪಿಎಸ್ ಲಾಗರ್, ಇಲ್ಲಿವರೆಗಿನ ಕೆಲಸ

ವಾರ 1

ಇದು ಶುರುವಾಗಿದ್ದು ಅಕ್ಕನ ಮನೆಯಲ್ಲಿ, ಭಾನುವಾರದ ಊಟದ ಹೊತ್ತಿಗೆ. ಭಾವ ಮೈಸೂರಿನಲ್ಲಿ ಕೆಲಸ ಮಾಡುತ್ತಾರೆ. ವಾರಕ್ಕೊಮ್ಮೆ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯಲ್ಲಿ ಬೆಂಗಳೂರಿಗೆ ಬಂದು ಹೋಗುತ್ತಾರೆ. ಅವತ್ತು ಮೊಬೈಲಿಗೆ ಓವರ್ ಸ್ಪೀಡ್ ಚಲನ್ ಬಂದಿತ್ತು, 1000 ರೂಪಾಯಿ.

"ನೋಡಮ್ಮ, ಇದು ಸೇಫ್ಟಿನೂ ಅಲ್ಲ ಏನೂ ಅಲ್ಲ. ಖಜಾನೆಗೆ ದುಡ್ಡು ಬೇಕು, ಕ್ಯಾಮೆರಾ ಕಂಬ ನೆಟ್ಟಿದ್ದಾರೆ ಅಷ್ಟೇ" ಅಂದರು.

ಹೌದು ಅನ್ನೋಕೂ ಆಗಲಿಲ್ಲ, ಅಲ್ಲ ಅನ್ನೋಕೂ ಆಗಲಿಲ್ಲ. ನನಗೆ ಬೆಸುಗೆ ಹಾಕೋದು ಗೊತ್ತು, ಸ್ವಲ್ಪ ಕೋಡ್ ಬರೆಯೋದು ಗೊತ್ತು. ಹಾಗಾಗಿ ಕಾರಿನ ವೇಗ ಬರೆದಿಡುವ ಒಂದು ಲಾಗರ್ ಮಾಡಿ, ಅಳೆದೇ ನೋಡೋಣ ಅಂತ ಕೂತೆ. ಕ್ಯಾಮೆರಾ ಇರುವ ಜಾಗದಲ್ಲಿ ಕಾರು ಏನು ಮಾಡುತ್ತದೆ, ದಾಟಿದ ಮೇಲೆ ಏನು ಮಾಡುತ್ತದೆ. ಅಷ್ಟು ಗೊತ್ತಾದರೆ ಮಾತಾಡಲು ಒಂದು ಆಧಾರ ಸಿಗುತ್ತದೆ, ಅಲ್ವಾ?

ಸಾಮಾನು ಜಾಸ್ತಿ ಏನಿಲ್ಲ. ಒಂದು ಇಎಸ್‌ಪಿ32 ಬೋರ್ಡ್, ಒಂದು ನಿಯೋ-6ಎಂ ಜಿಪಿಎಸ್ ಮಾಡ್ಯೂಲ್, ಎಸ್‌ಡಿ ಕಾರ್ಡ್ ಕೂರಿಸುವ ಚಿಕ್ಕ ಬೋರ್ಡ್, ಕಾರಿನ ಚಾರ್ಜರ್. ಮೊದಲು ಸ್ಟೀಲ್ ಡಬ್ಬಿಗೆ ಹಾಕಿದ್ದೆ. ಒಂದು ಉಪಗ್ರಹವೂ ಸಿಗಲಿಲ್ಲ. ಲೋಹದೊಳಗೆ ಸಿಗ್ನಲ್ ನುಗ್ಗಲ್ಲ. ಪ್ಲಾಸ್ಟಿಕ್ ಡಬ್ಬಿಗೆ ಬದಲಾಯಿಸಿ ಡ್ಯಾಶ್‌ಬೋರ್ಡ್ ಮೇಲಿಟ್ಟ ಅರ್ಧ ನಿಮಿಷದಲ್ಲಿ ಜಾಗ ಹಿಡಿಯಿತು.

ವಾರ 2

ಈ ಮಾಡ್ಯೂಲ್ ಸುಮ್ನೆ ಬಿಟ್ಟರೆ ಸೆಕೆಂಡಿಗೆ ಒಂದೇ ಸಲ ವೇಗ ಹೇಳುತ್ತದೆ. ಗಂಟೆಗೆ 100 ಕಿ.ಮೀ. ಓಡುವ ಕಾರು ಒಂದು ಸೆಕೆಂಡಿನಲ್ಲಿ ಹತ್ತಿರಹತ್ತಿರ 28 ಮೀಟರ್ ಹೋಗಿಬಿಡುತ್ತದೆ. ಕ್ಯಾಮೆರಾ ಹತ್ತಿರ ಬ್ರೇಕ್ ಒತ್ತಿದ್ದು ಸರಿಯಾಗಿ ಕಾಣಬೇಕಾದರೆ ಇನ್ನೂ ಬೇಗ ಬೇಕು. ಸೆಕೆಂಡಿಗೆ 5 ಸಲಕ್ಕೆ ಏರಿಸಿದೆ.

ಅಲ್ಲಿಂದ ತಲೆನೋವು. ಫೈಲಿನ ಸಾಲುಗಳೆಲ್ಲ ಅರ್ಧಕ್ಕೇ ತುಂಡಾಗಿದ್ದವು. ಎರಡು ರಾತ್ರಿ ಎಸ್‌ಡಿ ಕಾರ್ಡನ್ನೇ ಅನುಮಾನಿಸಿದೆ. ಕಾರ್ಡ್ ಸರಿಯಾಗೇ ಇತ್ತು. ಮಾಡ್ಯೂಲ್ ಸೆಕೆಂಡಿಗೆ 9600 ಬಿಟ್, ಅಂದರೆ 9600 ಬಾಡ್‌ನಲ್ಲಿ ಮಾತಾಡುತ್ತದೆ. ಸೆಕೆಂಡಿಗೆ 5 ಸಲ ಎಲ್ಲಾ ಸಂದೇಶ ಕಳಿಸಲು ಆ ವೇಗ ಸಾಲಲ್ಲ. ಬೇಡದ ಸಂದೇಶಗಳನ್ನು ನಿಲ್ಲಿಸಿ, ಬಾಡ್ 38400 ಮಾಡಿದ ಮೇಲೆ ಸಾಲುಗಳು ಪೂರ್ತಿ ಬಂದವು. ಇದನ್ನು ಮಾಡುವವರಿಗೆ ಇನ್ನೊಂದು ಮಾತು. ಈ ಮಾಡ್ಯೂಲ್ ಕರೆಂಟ್ ಹೋದರೆ ಸೆಟ್ಟಿಂಗ್ ಮರೆಯುತ್ತದೆ. ಅದರ ಮೇಲಿನ ಪುಟ್ಟ ಬ್ಯಾಟರಿಯನ್ನು ನಂಬಬೇಡಿ. ಪ್ರತಿ ಸಲ ಆನ್ ಆದಾಗ ಸೆಟ್ಟಿಂಗ್ ಹೊಸದಾಗಿ ಕಳಿಸಿ.

ವಾರ 3

ಮೊದಲ ಓಡಾಟ ನನ್ನ ಕಾರಿನಲ್ಲೇ. ಕುಂಬಳಗೋಡಿನಿಂದ ಹೊರಟು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಬೈಪಾಸ್‌ಗಳನ್ನು ದಾಟಿ ಶ್ರೀರಂಗಪಟ್ಟಣದವರೆಗೆ. ಡಯಲ್ 100 ತೋರಿಸಿದಾಗ ಜಿಪಿಎಸ್ 95 ಹೇಳುತ್ತಿತ್ತು. ಇದು ದೋಷ ಅಲ್ಲ. ಕಾರಿನ ಮೀಟರ್ ಸ್ವಲ್ಪ ಜಾಸ್ತಿಯೇ ತೋರಿಸುವಂತೆ ಮಾಡಿರುತ್ತಾರೆ. ಈ ರಸ್ತೆಯಲ್ಲಿ ಕಾರಿನ ಮಿತಿ 100. ಹಾಗಾಗಿ ಡಯಲ್‌ನಲ್ಲಿ 100 ಇಟ್ಟುಕೊಂಡು ಹೋದವರಿಗೆ ಚಲನ್ ಬರುವ ಭಯ ಬೇಡ.

ಮನೆಗೆ ಬಂದು ಗ್ರಾಫ್ ಎಳೆದೆ. ಬಟ್ಟೆ ಒಣಹಾಕುವ ಹಗ್ಗ ಒದ್ದೆ ಬಟ್ಟೆಯ ಭಾರಕ್ಕೆ ಅಲ್ಲಲ್ಲಿ ಜಗ್ಗುತ್ತದಲ್ಲ, ಹಾಗಿತ್ತು ಗೆರೆ. ರಸ್ತೆಗೆ ಅಡ್ಡಲಾಗಿ ಕ್ಯಾಮೆರಾ ಹೊತ್ತ ಕಮಾನು ಬಂದಲ್ಲೆಲ್ಲ ಒಂದು ತಗ್ಗು. 104ರಲ್ಲಿ ಬರುತ್ತಿದ್ದ ಕಾರು ಕಮಾನಿನ ಕೆಳಗೆ 91. ಒಂದೂವರೆ ಕಿ.ಮೀ. ಮುಂದೆ ಮತ್ತೆ 106. ನಾನು ನಿಯಮ ಪಾಲಿಸುವವಳು ಅಂತಲೇ ಅಂದುಕೊಂಡಿದ್ದೆ. ಕಾಲು ಮಾತ್ರ ಕ್ಯಾಮೆರಾ ನೋಡಿಕೊಂಡು ಕೆಲಸ ಮಾಡುತ್ತಿತ್ತು.

ಇದಕ್ಕೆ ಹೊರದೇಶಗಳಲ್ಲಿ ಕಾಂಗರೂ ಜಿಗಿತ ಅಂತ ಹೆಸರಿದೆ. ಬ್ರಿಟನ್ನಿನ ಕ್ಯಾಮೆರಾಗಳ ಬಗ್ಗೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಚೆಂಗ್ ಕೀಟ್ ಟ್ಯಾಂಗ್ 2017ರಲ್ಲಿ ಮಾಡಿದ ಲೆಕ್ಕ ನೋಡಿ. ಕ್ಯಾಮೆರಾದಿಂದ 500 ಮೀಟರ್ ಒಳಗೆ ಅಪಘಾತ ಶೇ. 17ರಿಂದ 39ರಷ್ಟು, ಸಾವು ಶೇ. 58ರಿಂದ 68ರಷ್ಟು ಕಡಿಮೆಯಾಗಿತ್ತು. ಒಂದೂವರೆ ಕಿ.ಮೀ. ದಾಟಿದ ಮೇಲೆ ಅಪಘಾತ ಹೆಚ್ಚಾಗುವ ಸೂಚನೆಯೂ ಇತ್ತು. ನನ್ನ ಗ್ರಾಫಿನ ತಗ್ಗು, ಆಮೇಲಿನ ಏರು, ಎರಡನ್ನೂ ಒಟ್ಟಿಗೆ ನೋಡಿದಾಗ ಇದು ಚೆನ್ನಾಗಿ ಅರ್ಥವಾಯಿತು.

ವಾರ 4: ಬೋರ್ಡ್ ಮುಟ್ಟಲಿಲ್ಲ, ಬರೀ ಲೆಕ್ಕ

ಈ ರಸ್ತೆ ಉದ್ಘಾಟನೆಯಾಗಿದ್ದು 2023ರ ಮಾರ್ಚ್ 12ಕ್ಕೆ. ಆ ವರ್ಷ ಇದರ ಮೇಲೆ ಸತ್ತವರು 188 ಜನ. 2024ರಲ್ಲಿ 50. ಪೊಲೀಸರದೇ ಲೆಕ್ಕ. 138 ಜೀವ. ಇದನ್ನು ಬರೆಯುವಾಗ ಕೈ ಒಂದು ಕ್ಷಣ ನಿಂತಿತು.

ಆದರೆ ಇದೆಲ್ಲ ಕ್ಯಾಮೆರಾದಿಂದಲೇ ಅಂದರೆ ತಪ್ಪಾಗುತ್ತದೆ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಸರ್ವೀಸ್ ರಸ್ತೆಗೆ ಕಳಿಸಿದರು. ತಾನಾಗಿಯೇ ಚಲನ್ ಕಳಿಸುವ ಐಟಿಎಂಎಸ್ (ಸಂಚಾರ ನಿರ್ವಹಣಾ ವ್ಯವಸ್ಥೆ) ಕ್ಯಾಮೆರಾಗಳು ಕೆಲಸ ಶುರು ಮಾಡಿದ್ದು 2024ರ ಮಧ್ಯದಲ್ಲಿ. ಅಂದರೆ ಇಳಿಕೆ ಶುರುವಾದಾಗ ಈ ಕ್ಯಾಮೆರಾಗಳೇ ಇರಲಿಲ್ಲ.

ಇಲ್ಲಿ ನನಗೆ ಮುಖ್ಯ ಅನ್ನಿಸಿದ ಒಂದು ತಿಂಗಳಿದೆ. 2023ರ ಜೂನ್‌ನಲ್ಲಿ 28 ಸಾವು. ಜುಲೈನಲ್ಲಿ 8. ಬೈಕುಗಳಿಗೆ ಆಗ ಇನ್ನೂ ನಿಷೇಧ ಬಂದಿರಲಿಲ್ಲ. ಆ ತಿಂಗಳು ಬದಲಾಗಿದ್ದರಲ್ಲಿ ದೊಡ್ಡದು, ಪೊಲೀಸರು ರಡಾರ್ ಗನ್ ಹಿಡಿದು ರಸ್ತೆಗೆ ಇಳಿದಿದ್ದು. ಆಗ ರಾಜ್ಯದ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಹೊಣೆ ಹೊತ್ತಿದ್ದ ಎಡಿಜಿಪಿ ಅಲೋಕ್ ಕುಮಾರ್ ತಾವೇ ಬಂದು ರಸ್ತೆ ನೋಡಿದ್ದರು. ಕಂಬ ಇರಲಿ, ಕೈಯಲ್ಲಿ ಗನ್ ಹಿಡಿದ ಪೇದೆ ಇರಲಿ, ಯಾರೋ ನೋಡುತ್ತಿದ್ದಾರೆ ಅನ್ನೋದೇ ಕೆಲಸ ಮಾಡಿದೆ ಅಂತ ನನ್ನ ನಂಬಿಕೆ.

ಒಂದು ಎಚ್ಚರಿಕೆ ಇಟ್ಟುಕೊಂಡಿದ್ದೇನೆ. ತುಂಬಾ ಕೆಟ್ಟ ತಿಂಗಳ ನಂತರ ಬರುವ ತಿಂಗಳು ಏನೂ ಮಾಡದಿದ್ದರೂ ಸ್ವಲ್ಪ ಒಳ್ಳೆಯದಾಗಿರುವುದು ಸಹಜ. ಕೆಟ್ಟ ಜಾಗ ಹುಡುಕಿ ಕ್ಯಾಮೆರಾ ಹಾಕಿದಾಗಲೂ ಇದೇ ಆಗುತ್ತದೆ. ಅದನ್ನು ಕಳೆದು ಉಳಿದಿದ್ದನ್ನು ಮಾತ್ರ ಕ್ಯಾಮೆರಾ ಲೆಕ್ಕಕ್ಕೆ ಬರೆಯಬೇಕು. ಬೇರೆಬೇರೆ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2010ರ ವಿಮರ್ಶೆ 35 ಅಧ್ಯಯನಗಳನ್ನು ಜರಡಿ ಹಿಡಿದಿತ್ತು. ಕ್ಯಾಮೆರಾ ಹತ್ತಿರ ಸಾವು ಮತ್ತು ಗಂಭೀರ ಗಾಯದ ಅಪಘಾತಗಳು ಶೇ. 11ರಿಂದ 44ರಷ್ಟು ಇಳಿದಿದ್ದವು. ಅಂಕಿ ಎಲ್ಲೆಲ್ಲೋ ಹರಡಿದೆ, ಆದರೆ ದಿಕ್ಕು ಒಂದೇ.

ದುಡ್ಡಿನ ಪ್ರಶ್ನೆಯಲ್ಲಿ ಭಾವನ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. 2023ರ ಫೆಬ್ರವರಿಯಲ್ಲಿ ಹಳೇ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಕೆಲವೇ ದಿನಕ್ಕೆ 100 ಕೋಟಿ ರೂಪಾಯಿಗಿಂತ ಜಾಸ್ತಿ ಬಂತು. ಜನ ಸಾಲುಗಟ್ಟಿ ನಿಂತು ಕಟ್ಟಿದರು. ಆ ಸಾಲು ನೋಡಿದವರಿಗೆ ಜೀವ ಉಳಿಸುವ ವಿಷಯ ನೆನಪಾಗುತ್ತಾ? ವರ್ಷಗಟ್ಟಲೆ ಕಟ್ಟದೆ ಬಿಟ್ಟ ದಂಡ ಯಾರ ವೇಗವನ್ನೂ ಇಳಿಸಿಲ್ಲ. ಬ್ರಿಟನ್ನಿನಲ್ಲಿ 2000ರಿಂದ 2007ರವರೆಗೆ ಕ್ಯಾಮೆರಾ ನಡೆಸುವ ಖರ್ಚನ್ನು ದಂಡದ ಹಣದಿಂದಲೇ ತೆಗೆದುಕೊಳ್ಳಬಹುದಿತ್ತು. ಜನರ ಅನುಮಾನ ಬೆಳೆದಿದ್ದೂ ಅಲ್ಲೇ. ಆಮೇಲೆ ಆ ಪದ್ಧತಿ ಬಿಟ್ಟರು. ಆಕ್ಸ್‌ಫರ್ಡ್‌ಶೈರ್‌ನಲ್ಲಿ ಹಣ ಕಡಿಮೆಯಾಗಿ 2010ರ ಆಗಸ್ಟ್‌ನಲ್ಲಿ ಕ್ಯಾಮೆರಾ ಆಫ್ ಮಾಡಿದರು. 2011ರ ಏಪ್ರಿಲ್‌ನಲ್ಲಿ ಮತ್ತೆ ಆನ್ ಮಾಡಿದರು.

ನಾನು ನೋಡುವ ಅಳತೆ ಒಂದೇ. ಕ್ಯಾಮೆರಾ ಹಾಕಿ ವರ್ಷ ಕಳೆದಂತೆ ಆ ಜಾಗದ ಚಲನ್ ಕಡಿಮೆಯಾಗಬೇಕು. ಪ್ರತಿ ತಿಂಗಳೂ ಅಷ್ಟೇ ದುಡ್ಡು ಬರುತ್ತಿದ್ದರೆ ಅಲ್ಲಿ ಬೋರ್ಡ್ ಕಾಣುತ್ತಿಲ್ಲ, ಇಲ್ಲಾ ಮಿತಿ ಸರಿಯಿಲ್ಲ, ಇಲ್ಲಾ ಚಲನ್ ತಡವಾಗಿ ಹೋಗುತ್ತಿದೆ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮ 167ಎ ಕೂಡ ಇದನ್ನೇ ಕೇಳುತ್ತದೆ. ಕ್ಯಾಮೆರಾ ಇದೆ ಅಂತ ಎಚ್ಚರಿಕೆ ಫಲಕ ಇರಬೇಕು, ನೋಟಿಸ್ 15 ದಿನದೊಳಗೆ ಹೋಗಬೇಕು.

ವಾರ 6

ಎರಡು ವಾರದಿಂದ ಲಾಗರ್ ಭಾವನ ಕಾರಿನಲ್ಲಿತ್ತು. ಅಷ್ಟರಲ್ಲಿ ಅವರಿಗೆ ಇನ್ನೊಂದು ಚಲನ್ ಬಂತು. 116 ಕಿ.ಮೀ. ಅಂತ ಬರೆದಿತ್ತು, ಮಿತಿ 100. "ಸಾಧ್ಯವೇ ಇಲ್ಲ, ನಾನು ನೂರು ದಾಟಿಲ್ಲ" ಅಂದರು.

ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದೆ. ಚಲನ್‌ನಲ್ಲಿದ್ದ ಸಮಯ ಹುಡುಕಿದೆ. ಲಾಗರ್ 117 ಬರೆದಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತು ಅಕ್ಕನೂ ನೋಡುತ್ತಿದ್ದಳು.

"ಲಾರಿ ದಾಟೋಕೆ ಸ್ವಲ್ಪ ಒತ್ತಿದೆ ಕಣಮ್ಮ."

"ಭಾವ, ಗೆರೆ ನೋಡಿ. ನಾಲ್ಕು ನಿಮಿಷ 110ರ ಮೇಲೇ ಇದೆ."

ಅವರು ಮಾತಾಡಲಿಲ್ಲ. ನಾನು ಒಂದು ಕಾಗದ ತೆಗೆದುಕೊಂಡು ಲೆಕ್ಕ ಮಾಡಿ ತೋರಿಸಿದೆ. ಮುಂದೆ ಏನೋ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಅಂತ ಇಟ್ಟುಕೊಂಡೆ. ಒಣ ರಸ್ತೆ, ಒಳ್ಳೆ ಟೈರ್. 100ರಲ್ಲಿ ಬರುವ ಕಾರು ಸುಮಾರು 97 ಮೀಟರಿಗೆ ನಿಲ್ಲುತ್ತದೆ. 120ರಲ್ಲಿ ಬರುವ ಕಾರಿಗೆ ಸುಮಾರು 129 ಮೀಟರ್ ಬೇಕು. ಇಲ್ಲಿವರೆಗೆ ಎಲ್ಲರಿಗೂ ಅಂದಾಜಿದೆ. ಮುಂದಿನ ಸಾಲು ನನಗೂ ಹೊಸದಾಗಿತ್ತು. ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೇ ಕಾರು ಇನ್ನೂ 77 ಕಿ.ಮೀ. ವೇಗದಲ್ಲಿರುತ್ತದೆ.

"77ಆ?" ಅಂದರು ಭಾವ. ತಾವೇ ಕ್ಯಾಲ್ಕುಲೇಟರ್ ತೆಗೆದು ಇನ್ನೊಮ್ಮೆ ಮಾಡಿದರು. ಅಷ್ಟೇ ಬಂತು. "ಅಂದ್ರೆ ಅಲ್ಲಿ ಲಾರಿ ಕೆಟ್ಟು ನಿಂತಿದ್ದರೆ..." ಅಂತ ನಿಲ್ಲಿಸಿದರು. ಅಕ್ಕ ಒಳಗೆ ಹೋದಳು.

ಇಡೀ ರಸ್ತೆ ಸುಮಾರು 118 ಕಿ.ಮೀ. 100ರ ಬದಲು 120ರಲ್ಲಿ ಒಂದೇ ಸಮ ಓಡಿಸಿದರೂ ಉಳಿಯೋದು 12 ನಿಮಿಷ. 2022ರಲ್ಲಿ ದೇಶದಲ್ಲಿ ರಸ್ತೆ ಮೇಲೆ 1,68,491 ಜನ ಸತ್ತರು. ಅದರಲ್ಲಿ ಶೇ. 71ರಷ್ಟು ಸಾವನ್ನು ಕೇಂದ್ರದ ವರದಿ ಅತಿವೇಗದ ಲೆಕ್ಕಕ್ಕೆ ಬರೆದಿದೆ.

ವಾರ 8, ಈಗ

ಕೋಡಿಗೆ ಹೊಸ ಭಾಗ ಸೇರಿಸುತ್ತಿದ್ದೇನೆ. ಎರಡು ಕಮಾನುಗಳ ನಡುವಿನ ದೂರವನ್ನು ತೆಗೆದುಕೊಂಡ ಸಮಯದಿಂದ ಭಾಗಿಸಿ ಸರಾಸರಿ ವೇಗ ತೆಗೆಯೋದು. ಸ್ಕಾಟ್ಲೆಂಡಿನ ಎ9 ರಸ್ತೆಯಲ್ಲಿ 2014ರ ಅಕ್ಟೋಬರ್‌ನಿಂದ ಹೀಗೇ ಹಿಡಿಯುತ್ತಾರೆ. ನಾರ್ವೆಯಲ್ಲಿ ಹೀಗೆ ಅಳೆಯುವ ರಸ್ತೆಗಳಲ್ಲಿ ಸಾವು ಮತ್ತು ಗಂಭೀರ ಗಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿವೆ. ಕಮಾನಿನ ಕೆಳಗೆ ಮಾತ್ರ ಬ್ರೇಕ್ ಒತ್ತಿ ಪ್ರಯೋಜನ ಇರಲ್ಲ, ಹಗ್ಗ ಇಡೀ ಉದ್ದಕ್ಕೂ ಬಿಗಿಯಾಗಿರಬೇಕು.

ಹಳೇ ಫೈಲುಗಳ ಮೇಲೆ ಓಡಿಸಿ ನೋಡಿದೆ. ನನ್ನ ಮೊದಲ ಓಡಾಟದಲ್ಲಿ ಯಾವ ಕಮಾನಿನಲ್ಲೂ ಚಲನ್ ಬರುತ್ತಿರಲಿಲ್ಲ. ಸರಾಸರಿ ಲೆಕ್ಕದಲ್ಲಿ ಮಾತ್ರ ಎರಡು ಕಡೆ ಸಿಕ್ಕಿಬೀಳುತ್ತಿದ್ದೆ, 102 ಮತ್ತು 103.

ಒಂದು ತೊಂದರೆ ಉಳಿದಿದೆ. ಮೇಲ್ಸೇತುವೆ ಕೆಳಗೆ ಹೋದಾಗ ಜಿಪಿಎಸ್ ಒಂದೆರಡು ಸೆಕೆಂಡ್ ಜಾಗ ತಪ್ಪಿಸುತ್ತದೆ, ದೂರ ಸುಳ್ಳೇ ಜಾಸ್ತಿಯಾಗುತ್ತದೆ. ಅದನ್ನು ಸೋಸಬೇಕು. ಜೊತೆಗೆ ಭಾವ ಒಂದು ಬಝರ್ ಕೇಳಿದ್ದಾರೆ, 100 ದಾಟಿದರೆ ಕೂಗಬೇಕಂತೆ. 98ಕ್ಕೇ ಕೂಗುವ ಹಾಗೆ ಇಟ್ಟಿದ್ದೇನೆ. ಶುಕ್ರವಾರ ಅವರು ಬಂದಾಗ ಜೋಡಿಸಿಕೊಡಬೇಕು.