ಸ್ವಿಚ್ ಒಂದೇ ಹಾಕಿದ್ದು

"ನಾನು ಮುಟ್ಟಿಲ್ಲ ಸಾರ್. ಬೆಳಿಗ್ಗೆ ಬಂದು ಸ್ವಿಚ್ ಒಂದೇ ಹಾಕಿದ್ದು."

ಬುಧವಾರ ಆ ಹುಡುಗ ಹೇಳಿದ ಮಾತು ಇದು. ಇವತ್ತು ಭಾನುವಾರ. ಇನ್ನೂ ಕಿವಿಯಿಂದ ಹೋಗಿಲ್ಲ.

ಸಾಗರದ ಹತ್ತಿರದ ಒಂದು ಶಾಲೆಯಲ್ಲಿ ಎಂಟು ಕಂಪ್ಯೂಟರ್ ಇವೆ. ಎಲ್ಲದರಲ್ಲೂ ಉಬುಂಟು 22.04, ಅಂದರೆ ವಿಂಡೋಸ್ ಬದಲು ಹಾಕುವ ಲಿನಕ್ಸ್. ಅವನ್ನು ನೋಡಿಕೊಳ್ಳಲು ನಾನು ಆಗಾಗ ಹೋಗುತ್ತೇನೆ. ಮಳೆ ಹಿಡಿದರೆ ಅಲ್ಲಿ ಇಂಟರ್ನೆಟ್ ಇರುವುದಿಲ್ಲ. ಅದಕ್ಕೇ ಮೂಲೆಯ ಹಳೆಯ ಯಂತ್ರವೊಂದನ್ನು ಸರ್ವರ್ ಮಾಡಿ, ಇಂಟರ್ನೆಟ್ ಇಲ್ಲದೆ ವಿಕಿಪೀಡಿಯ ಓದಿಸುವ ಕಿವಿಕ್ಸ್ ಹಾಕಿ, ಕನ್ನಡ ವಿಕಿಪೀಡಿಯವನ್ನು ಇಳಿಸಿಟ್ಟಿದ್ದೆ. ಮಕ್ಕಳು ಬ್ರೌಸರಿನಲ್ಲಿ ಒಂದು ಸಣ್ಣ ಹೆಸರು ಬರೆದರೆ ಸಾಕು, ತೆರೆಯಬೇಕು. ಅದಕ್ಕೆ ಎಂಟೂ ಯಂತ್ರಗಳು ಆ ಹೆಸರಿನ ವಿಳಾಸವನ್ನು, ಅಂದರೆ ಅದು ಯಾವ ನಂಬರಿನ ಯಂತ್ರದ್ದು ಎಂಬುದನ್ನು, ಆ ಸರ್ವರನ್ನೇ ಕೇಳಬೇಕು.

ನಾನು ಲಿನಕ್ಸ್ ಕಲಿತದ್ದು 2008ರಲ್ಲಿ. ಆಗ ಇದು ಒಂದು ಸಾಲಿನ ಕೆಲಸ. ಯಾರನ್ನು ಕೇಳಬೇಕು ಎಂದು ಬರೆದಿಡುವ /ಇಟಿಸಿ/ರಿಸಾಲ್ವ್.ಕಾನ್ಫ್ ಫೈಲ್ ತೆರೆದು ಸರ್ವರಿನ ನಂಬರ್ ಬರೆದರೆ ಮುಗಿಯಿತು. ಈ ಸೋಮವಾರವೂ ಹಾಗೇ ಮಾಡಿದೆ. ಫೈಲಿನ ತಲೆಯಲ್ಲಿ ಉದ್ದಕ್ಕೆ ಏನೋ ಇಂಗ್ಲಿಷ್ ಇತ್ತು, ಓದದೆ ಅಳಿಸಿದೆ. 192.168.1.10 ಎಂದು ಬರೆದೆ. ಸಂಜೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಜೋಗದ ಪುಟ ತೆರೆದು ಜೋರಾಗಿ ಓದಿದಳು. ತುಂಬ ಖುಷಿಯಾಗಿತ್ತು.

ಮಂಗಳವಾರ ಬೆಳಿಗ್ಗೆ ಮೇಡಂ ಫೋನ್ ಮಾಡಿದರು, ಒಂದರಲ್ಲೂ ತೆರೆಯುತ್ತಿಲ್ಲ. ಸಂಜೆ ಹೋಗಿ ನೋಡಿದರೆ ಎಂಟರಲ್ಲೂ ನಾನು ಬರೆದ ಸಾಲು ಮಾಯ. ಮೊದಲಿದ್ದ ನಂಬರ್ 127.0.0.53 ಮತ್ತೆ ಬಂದು ಕೂತಿದೆ. ಮತ್ತೆ ಬರೆದೆ. ಬುಧವಾರ ಬೆಳಿಗ್ಗೆ ಮತ್ತೆ ಅದೇ ಕತೆ.

ಮೇಡಂ ಒಳ್ಳೆಯವರು, ಸಂಜೆ ಆರರವರೆಗೂ ಮಕ್ಕಳ ಜೊತೆ ಕೂರುತ್ತಾರೆ. ಆದರೆ ಶಾಲೆಯಲ್ಲಿ ಏನು ಕೆಟ್ಟರೂ ಅವರ ಬಾಯಲ್ಲಿ ಮೊದಲು ಬರುವುದು ಆ ಹುಡುಗನ ಹೆಸರು. ಲ್ಯಾಬ್ ಬೀಗ ತೆಗೆಯುವುದು, ಗುಡಿಸುವುದು, ಬೆಳಿಗ್ಗೆ ಮೇನ್ ಹಾಕಿ ಸಂಜೆ ತೆಗೆಯುವುದು ಅವನ ಕೆಲಸ. ಇಪ್ಪತ್ತು ವರ್ಷ ಇರಬಹುದು. "ಇವನೇ ಏನೋ ಒತ್ತಿರ್ತಾನೆ" ಎಂದರು. ನಾನೂ ನಂಬಿದೆ. ಮಕ್ಕಳ ಎದುರಿಗೇ ಕೇಳಿದೆ: "ಏನಪ್ಪಾ, ಇದರಲ್ಲಿ ಏನಾದ್ರೂ ಮಾಡಿದ್ಯಾ?"

ಆಗ ಅವನು ಹೇಳಿದ್ದು ಆ ಮಾತು. ಸ್ವಿಚ್ ಒಂದೇ ಹಾಕಿದ್ದು. ನನಗೆ ಅದು ಜಾರಿಕೊಳ್ಳುವವನ ಮಾತಾಗಿ ಕೇಳಿಸಿತು.

ಯಾರೂ ಮುಟ್ಟದಂತೆ ಫೈಲಿಗೇ ಬೀಗ ಹಾಕೋಣ ಎಂದು ಚಟ್ಟರ್ ಪ್ಲಸ್ ಐ ಎಂಬ ಕಮಾಂಡ್ ಕೊಟ್ಟೆ. ಇಂಥ ತೊಂದರೆಗೆ ಜಾಸ್ತಿ ಜನ ಹೇಳುವ ಮದ್ದು ಅದೇ. ಇಲ್ಲಿ ಆಗುವುದಿಲ್ಲ ಎಂದಿತು ಯಂತ್ರ. ಯಾಕೆ ಎಂದು ಎಲ್‌ಎಸ್ ಮೈನಸ್ ಎಲ್ ಕೊಟ್ಟು ಫೈಲಿನ ವಿವರ ನೋಡಿದಾಗ ಒಂದು ಬಾಣದ ಗುರುತು ಕಾಣಿಸಿತು. /ಇಟಿಸಿಯಲ್ಲಿ ಇರುವುದು ಫೈಲೇ ಅಲ್ಲ, ಸಿಂಬಾಲಿಕ್ ಲಿಂಕ್, ಬೇರೆ ಕಡೆ ಇರುವ ಫೈಲಿಗೆ ಕೈ ತೋರಿಸುವ ಗುರುತು. ನಿಜವಾದ ಫೈಲ್ ಇರುವುದು /ರನ್ ಒಳಗೆ. /ರನ್ ಡಿಸ್ಕಿನಲ್ಲಿ ಇಲ್ಲ, ರ್‍ಯಾಮ್‌ನಲ್ಲಿದೆ. ಕರೆಂಟ್ ಹೋದರೆ ಅದರಲ್ಲಿ ಇದ್ದದ್ದೆಲ್ಲ ಹೋಯಿತು. ಮತ್ತೆ ಆನ್ ಮಾಡಿದಾಗ ಸಿಸ್ಟಂಡಿ ರಿಸಾಲ್ವ್ಡ್ ಎಂಬ ಪ್ರೋಗ್ರಾಂ ಆ ಫೈಲನ್ನು ಹೊಸದಾಗಿ ಬರೆಯುತ್ತದೆ. ಅದರದೂ ತಪ್ಪಿಲ್ಲ. ಲ್ಯಾಪ್‌ಟಾಪ್ ಇವತ್ತು ಮನೆಯ ವೈಫೈಯಲ್ಲಿ, ನಾಳೆ ಬಸ್‌ಸ್ಟ್ಯಾಂಡಿನಲ್ಲಿ ಇರುವ ಕಾಲ, ಜಾಗ ಬದಲಾದರೆ ಕೇಳಬೇಕಾದ ಸರ್ವರೂ ಬದಲಾಗುತ್ತದೆ. ಪ್ರತಿ ಸಲ ಕೈಯಲ್ಲಿ ಬರೆಯುತ್ತಾ ಕೂರಲು ಆಗುತ್ತದಾ?

ನಾನು ಓದದೆ ಅಳಿಸಿದ ಸಾಲುಗಳನ್ನು ಆಮೇಲೆ ಓದಿದೆ. ಈ ಫೈಲನ್ನು ರಿಸಾಲ್ವ್ಡ್ ನೋಡಿಕೊಳ್ಳುತ್ತದೆ, ತಿದ್ದಬೇಡಿ ಅಂತ ಬರೆದಿತ್ತು. /ಇಟಿಸಿಯಲ್ಲಿ ಈ ಸಾಲು ಕಂಡರೆ ನೀವು ಲಿಂಕ್ ಹಿಡಿದು ಬಂದಿದ್ದೀರಿ ಅಂತಲೂ ಇತ್ತು. ಎರಡು ದಿನ, ಎಂಟು ಯಂತ್ರ. ಹದಿನಾರು ಸಲ ಆ ಮಾತನ್ನು ನಾನೇ ಕೈಯಾರೆ ಅಳಿಸಿದ್ದೆ.

ಸ್ವಿಚ್ ಒಂದೇ ಹಾಕಿದ್ದು. ಅಲ್ವಾ? ಆಗಿದ್ದೂ ಅಷ್ಟೇ. ಸಂಜೆ ಮೇನ್ ಹೋಯಿತು, ಬೆಳಿಗ್ಗೆ ಬಂತು, ಫೈಲ್ ಹಳೆಯದಾಯಿತು. ಇಡೀ ಲ್ಯಾಬಿನಲ್ಲಿ ಕಾರಣವನ್ನು ಸರಿಯಾಗಿ ಹೇಳಿದವನು ಅವನೊಬ್ಬನೇ. ಅದೇ ಮಾತನ್ನು ಮೇಡಂ ಹೇಳಿದ್ದರೆ "ಓ, ರೀಬೂಟ್ ಆಗಿದೆ" ಎಂದು ಆಗಲೇ ಯೋಚಿಸುತ್ತಿದ್ದೆ. ಪೊರಕೆ ಹಿಡಿದವನು ಹೇಳಿದ್ದಕ್ಕೆ ಅದರ ಒಳಗೆ ಸುಳ್ಳು ಹುಡುಕಿದೆ. ನಮ್ಮ ಆಫೀಸುಗಳಲ್ಲೂ ಹೀಗೇ ನಡೆಯುತ್ತದೆ. ಏನಾದರೂ ಕಾಣೆಯಾದರೆ ಮೊದಲು ತಡಕುವುದು ಅಟೆಂಡರ್ ಚೀಲವನ್ನು. ನಾನು ಅಂಥವನಲ್ಲ ಎಂದುಕೊಂಡಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಸರಿ ಮಾಡಿದ್ದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಐಪಿವಿ4, ಅಲ್ಲಿ ಡಿಎನ್‌ಎಸ್ (ಹೆಸರಿನ ವಿಳಾಸ ಹೇಳುವ ಸರ್ವರ್) ಆಟೋಮ್ಯಾಟಿಕ್ ತೆಗೆದು ಸರ್ವರಿನ ನಂಬರ್ ಕೊಡುವುದು. ಅದು ಡಿಸ್ಕಿನಲ್ಲೇ ಉಳಿಯುತ್ತದೆ. ರಿಸಾಲ್ವ್ಡ್ ಅದನ್ನೇ ಕೇಳಿಕೊಂಡು ನಡೆಯುತ್ತದೆ.

ಶುಕ್ರವಾರ ಮಕ್ಕಳೆಲ್ಲ ಇದ್ದಾಗಲೇ ಅವನನ್ನು ಕರೆದೆ. "ನಿನ್ನ ಮೇಲೆ ಸುಮ್ನೆ ಅನುಮಾನ ಪಟ್ಟೆ, ತಪ್ಪಾಯ್ತು" ಎಂದೆ. ಅವನು ನೆಲ ನೋಡಿದ. "ಪರವಾಗಿಲ್ಲ ಸಾರ್" ಎಂದ. ಆಮೇಲೆ ಒಂದು ಯಂತ್ರದಲ್ಲಿ ಮಾಡಿ ತೋರಿಸಿದೆ. ಉಳಿದ ಏಳನ್ನು ಅವನೇ ಮಾಡಿದ. ಹೋಗಿ ಮೇನ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕಿದ. ಎಂಟರಲ್ಲೂ ಜೋಗದ ಪುಟ ತೆರೆಯಿತು.

ಹೊರಡುವಾಗ ಅವನು ಗೇಟಿನವರೆಗೆ ಬಂದ. "ಪ್ರಿಂಟರಿಗೂ ದಿನಾ ಬೆಳಿಗ್ಗೆ ಎ4 ಅಂತ ಹೊಸದಾಗಿ ಕೊಡಬೇಕು ಸಾರ್. ಅದೂ ಹೀಗೇನಾ?" ಎಂದು ಕೇಳಿದ. ನಾಳೆ ಇಬ್ಬರೂ ಕೂತು ನೋಡುತ್ತೇವೆ.